ಎರಡನೆಯ ದಾಳಿ: ಪ್ರಷ್ಯದ ಅಶ್ವದಳಪತಿ ಸೈಡ್ಲಿಟ್ಸ್‌ನ ಸೇವಾಜೀವನ

ಫ್ರೆಡ್ರಿಕ್ ವಿಲ್ಹೆಲ್ಮ್ ಫಾನ್ ಸೈಡ್ಲಿಟ್ಸ್‌ನ (1721–1773) ಬಗ್ಗೆ ಬರೆದವರೆಲ್ಲ ಅವನ ಧೈರ್ಯವನ್ನೇ ಮುಂದಿಡುತ್ತಾರೆ. ಧೈರ್ಯವಂತರಿಗೆ ಆ ಕಾಲದ ಯಾವ ಸೈನ್ಯದಲ್ಲೂ ಬರವಿರಲಿಲ್ಲ. ಒಮ್ಮೆ ನುಗ್ಗಿ ಚೆದುರಿಹೋದ ಕುದುರೆ ಪಡೆಯನ್ನು ರಣರಂಗದಲ್ಲೇ ಮತ್ತೆ ಕೂಡಿಸಿ ಇನ್ನೊಮ್ಮೆ ನುಗ್ಗಿಸಬಲ್ಲವರು ಮಾತ್ರ ತೀರ ವಿರಳ. ಸೈಡ್ಲಿಟ್ಸ್‌ನ ಹಿರಿಮೆಯನ್ನು ಅಲ್ಲಿ ಹುಡುಕಬೇಕೆಂಬುದು ನನ್ನ ವಾದ.

1741ರಲ್ಲಿ ಮೊಲ್ವಿಟ್ಸ್‌ನಲ್ಲಿ ಆಸ್ಟ್ರಿಯದ ಸವಾರರು ಪ್ರಷ್ಯದ ಅಶ್ವದಳವನ್ನು ದಿಕ್ಕಾಪಾಲು ಮಾಡಿದ್ದರು. ಅಂದು ಮಾನ ಉಳಿಸಿದ್ದು ಕಾಲಾಳುಗಳು. ಆ ಪೆಟ್ಟಿನಿಂದ ಪಾಠ ಕಲಿತ ದೊರೆ ಎರಡನೆಯ ಫ್ರೆಡ್ರಿಕ್, ದಾಳಿಯ ನಡುವೆ ನಿಂತು ಗುಂಡು ಹಾರಿಸುವುದನ್ನು ನಿಷೇಧಿಸಿದ. ಸವಾರರು ಕತ್ತಿ ಹಿರಿದು ನಾಗಾಲೋಟದಲ್ಲಿ ನುಗ್ಗಬೇಕೆಂದ. ಸೈಡ್ಲಿಟ್ಸ್ ಬೆಳೆದದ್ದು ಈ ಸುಧಾರಣೆಯ ಜೊತೆಯಲ್ಲೇ. ಕಾಲ್ಕರ್‌ನಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, ಶ್ವೇಟ್‌ನ ಪಾಳೆಯಗಾರನ ಊಳಿಗದ ಹುಡುಗನಾಗಿದ್ದವನು 1740ರಲ್ಲಿ ಸೈನ್ಯ ಸೇರಿದ. 1742ರಲ್ಲಿ ಆಸ್ಟ್ರಿಯನ್ನರ ಕೈಗೆ ಸೆರೆಸಿಕ್ಕು, ಕೈದಿಗಳ ವಿನಿಮಯದಲ್ಲಿ ಬಿಡುಗಡೆಯಾದ. ಹೋಹೆನ್‌ಫ್ರೀಡ್‌ಬರ್ಗ್ ಯುದ್ಧದ ನಂತರ, 24ನೆಯ ವಯಸ್ಸಿಗೇ ಮೇಜರ್ ಆದ.

1753ರಿಂದ ಸೈಲೀಷಿಯದ ಓಲಾವ್‌ನಲ್ಲಿ ಒಂದು ಕ್ಯುರಾಸಿಯರ್ ರೆಜಿಮೆಂಟಿನ ಹೊಣೆ ಅವನದಾಯಿತು. ಅಲ್ಲಿ ಒಬ್ಬೊಬ್ಬ ಸವಾರನನ್ನೂ ಬಿಡಿಯಾಗಿ ತಿದ್ದಿದ; ಹಳ್ಳ, ಬೇಲಿ, ಒರಟು ನೆಲದ ಮೇಲೆ ಓಡಿಸಿದ. ತನ್ನ ಕುದುರೆಯ ಮೇಲೆ ಹಿಡಿತವಿರುವವನು ಮಾತ್ರ ದಾಳಿಯ ಗೊಂದಲದಿಂದ ಹೊರಬಂದು ಸಾಲಿಗೆ ಸೇರಬಲ್ಲ. ಮುಂದೆ ನಡೆದುದಕ್ಕೆ ಇದೇ ತಳಹದಿ.

ಏಳು ವರ್ಷಗಳ ಯುದ್ಧದ ನಡುವೆ, 1757ರ ನವೆಂಬರ್ 5ರಂದು ರೋಸ್‌ಬಾಕ್‌ನಲ್ಲಿ ಸುಮಾರು 22,000 ಪ್ರಷ್ಯನ್ನರಿಗೆ ಎದುರಾಗಿದ್ದದ್ದು ಫ್ರಾನ್ಸ್ ಮತ್ತು ಪವಿತ್ರ ರೋಮನ್ ಸಾಮ್ರಾಜ್ಯದ 41,000ದಷ್ಟು ಸೈನಿಕರು. ಸೇವಾಹಿರಿತನದಲ್ಲಿ ಮೇಲಿದ್ದ ಇಬ್ಬರು ಜನರಲ್‌ಗಳನ್ನು ಬಿಟ್ಟು ದೊರೆ ಇಡೀ ಅಶ್ವದಳವನ್ನು ಸೈಡ್ಲಿಟ್ಸ್‌ಗೆ ಒಪ್ಪಿಸಿದ. ಪ್ರಷ್ಯನ್ನರನ್ನು ಬಳಸಿಕೊಂಡು ಹೋಗಲು ಶತ್ರುಗಳು ಸಾಲುಸಾಲಾಗಿ ನಡೆಯುತ್ತಿದ್ದರು. ಯಾನುಸ್ ದಿಣ್ಣೆಯ ಮರೆಯಲ್ಲಿ ಅವರಿಗಿಂತ ಮೊದಲೇ ಮುಂದೆ ಸಾಗಿದ ಸೈಡ್ಲಿಟ್ಸ್, 38 ಸ್ಕ್ವಾಡ್ರನ್‌ಗಳೊಡನೆ ದಿಣ್ಣೆಯೇರಿ ಅವರ ಮುಂಚೂಣಿಯ ಸವಾರರ ಮೇಲೆ ಎರಗಿದ. ಅವರು ಓಡತೊಡಗಿದರು. ಗೆದ್ದ ಅಶ್ವದಳಗಳು ಸಾಮಾನ್ಯವಾಗಿ ಕೈತಪ್ಪಿಹೋಗುವುದು ಇಂಥ ಗಳಿಗೆಯಲ್ಲೇ. ಬೆನ್ನಟ್ಟುವ ಹುಮ್ಮಸ್ಸಿನಲ್ಲಿ ಮೈಲಿಗಟ್ಟಲೆ ದೂರ ಸಾಗಿಬಿಡುತ್ತವೆ. ಸೈಡ್ಲಿಟ್ಸ್ ತನ್ನವರನ್ನು ತಾಗೆವೆರ್ಬನ್ ಬಳಿಯ ತಗ್ಗಿನಲ್ಲಿ ಮತ್ತೆ ಒಟ್ಟುಗೂಡಿಸಿ ಕಾದ. ಫಿರಂಗಿಗಳೂ ರಾಜಕುಮಾರ ಹೆನ್ರಿಯ ಕಾಲಾಳುಗಳೂ ಶತ್ರುಪದಾತಿಯನ್ನು ಅಲುಗಾಡಿಸಿದಾಗ ಪಕ್ಕದಿಂದ ನುಗ್ಗಿ ಅದನ್ನು ಮುರಿದ. ಪ್ರಷ್ಯದ ಕಡೆ ಸತ್ತವರು, ಗಾಯಗೊಂಡವರು ಸೇರಿ ಸುಮಾರು 550 ಮಂದಿ. ಗಾಯಾಳುಗಳಲ್ಲಿ ಸೈಡ್ಲಿಟ್ಸ್‌ನೂ ಒಬ್ಬ.

ಮರುವರ್ಷ ತ್ಸೋರ್ನ್‌ಡಾರ್ಫ್‌ನಲ್ಲಿ, ಪ್ರಷ್ಯದ ಕಾಲಾಳುಗಳು ಹಿಮ್ಮೆಟ್ಟಿದ ಹೊತ್ತಿಗೆ ಅವನು ರಷ್ಯನ್ನರ ಬಲಪಾರ್ಶ್ವದ ಮೇಲೆ ಬಿದ್ದು ಯುದ್ಧವನ್ನು ಉಳಿಸಿದ. ದೊರೆ ಮತ್ತೆಮತ್ತೆ ಆಜ್ಞೆ ಕಳಿಸಿದರೂ ತಕ್ಕ ಗಳಿಗೆ ಬರುವವರೆಗೆ ಕದಲಲಿಲ್ಲವೆಂಬ ಕಥೆ ಪ್ರಸಿದ್ಧ. ಅದರ ಮಾತುಗಳನ್ನು ದಾಖಲೆಯೆಂದು ನಂಬಲಾಗದು, ಆದರೆ ಅದು ತೋರಿಸುವ ಸ್ವಭಾವಕ್ಕೆ ರೋಸ್‌ಬಾಕ್ ಸಾಕ್ಷಿ. 1759ರಲ್ಲಿ ಕೂನರ್ಸ್‌ಡಾರ್ಫ್‌ನಲ್ಲಿ ಕೈಗೆ ತೀವ್ರ ಗಾಯವಾಗಿ ಅವನು ಕಣದಿಂದ ಸರಿಯಬೇಕಾಯಿತು. ಅಶ್ವದಳದ ದಾಳಿಗಳು ವಿಫಲವಾದವು, ಪ್ರಷ್ಯ ಭೀಕರವಾಗಿ ಸೋತಿತು. 1762ರ ಫ್ರೈಬರ್ಗ್ ವಿಜಯದಲ್ಲಿ ಮತ್ತೆ ಅವನ ಪಾಲಿತ್ತು.

ಯುದ್ಧ ಮುಗಿದ ಮೇಲೆ ಸೈಲೀಷಿಯದ ಅಶ್ವದಳದ ಇನ್‌ಸ್ಪೆಕ್ಟರ್ ಜನರಲ್ ಆಗಿ, ಓಲಾವ್‌ನಲ್ಲಿ ತಾನು ರೂಪಿಸಿದ ಕ್ರಮವನ್ನು ಇಡೀ ಪ್ರಾಂತ್ಯದ ರೆಜಿಮೆಂಟುಗಳಿಗೆ ಹಬ್ಬಿಸಿದ. 1767ರಲ್ಲಿ ಅಶ್ವದಳದ ಪೂರ್ಣ ಜನರಲ್ ಆಗಿ ಬಡ್ತಿ ಪಡೆದು, ಆರು ವರ್ಷಗಳ ನಂತರ 52ನೆಯ ವಯಸ್ಸಿನಲ್ಲಿ ತೀರಿಕೊಂಡ.