ಒಂದು ರೇಡಿಯೇಟರಿನ ವಂಶಾವಳಿ

2023ರ ಅಕ್ಟೋಬರ್ 29ರಂದು, ಅಂದರೆ ರಾಜ್ಯೋತ್ಸವಕ್ಕೆ ಇನ್ನು ಮೂರೇ ದಿನಗಳಿರುವಾಗ, ಮುಂಬಯಿಯ ಕಟ್ಟಕಡೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಯ ಆಯುಷ್ಯ ತೀರಿತು. ಆ ಗಾಡಿ 2003ರ ಅದೇ ದಿನ ತಾಡದೇವದ ಆರ್.ಟಿ.ಓ. ಕಚೇರಿಯಲ್ಲಿ ದಾಖಲಾಗಿತ್ತು. ಟ್ಯಾಕ್ಸಿಗೆ ಇಪ್ಪತ್ತು ವರ್ಷವೇ ಮಿತಿ ಎಂಬುದು ನಿಯಮ. ಮರುದಿನ ಪತ್ರಿಕೆಗಳಲ್ಲೆಲ್ಲ ಅದರ ಚಿತ್ರ ಬಂದಿತು. ಓದಿದವರು ‘ಅಯ್ಯೋ ಪಾಪ’ ಎಂದು ಪುಟ ಮಗುಚಿದರು. ನನಗೆ ಮಾತ್ರ ಹಾಗೆ ಮಗುಚಲು ಸಾಧ್ಯವಾಗಲಿಲ್ಲ. ಏಕೆಂದರೆ ಸಯನ್ನಿನಲ್ಲಿ ನಮ್ಮ ಕಟ್ಟಡದ ಅಂಗಳದಲ್ಲಿ, ಬಾದಾಮಿ ಮರದ ಕೆಳಗೆ, 1974ರ ಒಂದು ಪದ್ಮಿನಿ ನಿಂತಿದೆ. ಅದು ಟ್ಯಾಕ್ಸಿಯಲ್ಲ, ಮನೆಯ ಗಾಡಿ. ನನ್ನ ತಂದೆಯವರು ಹೋಟೆಲೊಂದರಲ್ಲಿ ಲೆಕ್ಕ ಬರೆದು ಉಳಿಸಿದ ಹಣದಿಂದ 1990ರಲ್ಲಿ ಎರಡನೆಯ ಕೈಯಿಂದ ಕೊಂಡದ್ದು. ಅವರು ತೀರಿಕೊಂಡ ಮೇಲೆ ಅದರ ರೇಡಿಯೇಟರು ಸೋರತೊಡಗಿತು. ಬದಲಿ ರೇಡಿಯೇಟರೊಂದನ್ನು ಹುಡುಕಿಕೊಂಡು ಹೊರಟ ನಾನು, ಹುಡುಕುತ್ತ ಹುಡುಕುತ್ತ ಅದರ ಚರಿತ್ರೆಯೊಳಗೇ ಹೋಗಿಬಿಟ್ಟೆ. ಬ್ಯಾಂಕಿನ ಗುಮಾಸ್ತನಿಗೆ ಚರಿತ್ರೆಯ ಅಧಿಕಾರವೇನು ಎಂದು ವಾಚಕರು ಕೇಳಬಹುದು. ಯಾವ ಜಮೆಗೆ ಯಾವ ಖರ್ಚು ಎಂದು ತಾಳೆ ನೋಡುವ ಅಭ್ಯಾಸವೊಂದೇ ನನ್ನ ಬಂಡವಾಳ.

ರೇಡಿಯೇಟರು ಎಂದರೇನೆಂಬುದನ್ನು ಮೊದಲು ಎರಡು ಮಾತಿನಲ್ಲಿ ಹೇಳುತ್ತೇನೆ. ಇಂಜಿನಿನ ಸುತ್ತ ಹರಿದು ಕಾದ ನೀರು ಮೇಲಿನ ತೊಟ್ಟಿಗೆ ಬರುತ್ತದೆ. ಅಲ್ಲಿಂದ ತೆಳ್ಳನೆಯ ನಳಿಗೆಗಳ ಮೂಲಕ ಕೆಳಗಿಳಿಯುವಾಗ ಗಾಳಿ ತಗಲಿ ತಣಿಯುತ್ತದೆ. ಕೆಳಗಿನ ತೊಟ್ಟಿಯಿಂದ ಪಂಪು ಅದನ್ನು ಪುನಃ ಇಂಜಿನಿಗೆ ತಳ್ಳುತ್ತದೆ. ಹಳೆಯ ಗಾಡಿಗಳಲ್ಲಿ ಈ ನಳಿಗೆ ತೊಟ್ಟಿಗಳೆಲ್ಲ ತಾಮ್ರ ಹಿತ್ತಾಳೆಗಳವು. ತೂತು ಬಿದ್ದರೆ ಬೆಸುಗೆ ಹಾಕಬಹುದು, ನಳಿಗೆ ಕಟ್ಟಿದರೆ ತೊಟ್ಟಿ ಬಿಚ್ಚಿ ಕಡ್ಡಿಯಿಂದ ಚೊಕ್ಕಟಮಾಡಬಹುದು, ನಡುವಿನ ತಿರುಳನ್ನೇ ಬದಲಿಸಿ ಹಳೆಯ ತೊಟ್ಟಿಗಳನ್ನು ಉಳಿಸಿಕೊಳ್ಳಬಹುದು. ಇಂದಿನ ಕಾರುಗಳಲ್ಲಿ ಸಾಮಾನ್ಯವಾಗಿ ತಿರುಳು ಅಲ್ಯೂಮಿನಿಯಮ್ಮಿನದು, ತೊಟ್ಟಿ ಪ್ಲಾಸ್ಟಿಕ್ಕಿನದು. ಕೆಟ್ಟರೆ ಎಸೆದು ಹೊಸದನ್ನು ಕೊಳ್ಳುವುದೇ ರೂಢಿ. ಹಳೆಯದು ದುರಸ್ತಿಯ ಲೋಕದ್ದು, ಹೊಸದು ಬದಲಾವಣೆಯ ಲೋಕದ್ದು. ಈ ಒಂದು ವ್ಯತ್ಯಾಸದಲ್ಲಿ ನನ್ನ ಅಲೆದಾಟದ ಅರ್ಧ ಕಾರಣ ಅಡಗಿದೆ. ಉಳಿದರ್ಧ ಕಾರಣಕ್ಕೆ ನೂರು ವರ್ಷ ಹಿಂದೆ ಹೋಗಬೇಕು.

ಮುಂಬಯಿಯಲ್ಲಿ ಕಾರು ಜೋಡಿಸುವ ಕೆಲಸ ನಮ್ಮ ಅಜ್ಜಂದಿರ ಕಾಲದಲ್ಲೇ ಮೊದಲಾಯಿತು. 1928ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆ ಶಿವಡಿಯಲ್ಲಿ ಕಾರ್ಖಾನೆ ತೆರೆಯಿತು. ಭಾಗಗಳು ಹಡಗಿನಿಂದ ಪೆಟ್ಟಿಗೆಗಳಲ್ಲಿ ಇಳಿಯುತ್ತಿದ್ದವು, ಇಲ್ಲಿನ ಕೂಲಿಗಾರರು ಅವನ್ನು ಕೂಡಿಸಿ ನಿಲ್ಲಿಸುತ್ತಿದ್ದರು. ಫೋರ್ಡ್ ಕಂಪೆನಿಯೂ ಅದೇ ಬಗೆಯಲ್ಲಿ ವ್ಯಾಪಾರಕ್ಕಿಳಿಯಿತು. ಕಾರು ಮುಂಬಯಿಯದೆಂದು ಹೇಳಿಕೊಂಡರೂ ಅದರ ಒಂದು ನಳಿಗೆ ಒಡೆದರೆ ಸಮುದ್ರದಾಚೆಗೆ ಕಾಗದ ಬರೆಯಬೇಕಾಗಿತ್ತು.

ಈ ಪರಾಧೀನತೆಯನ್ನು ಕಂಡು ಸುಮ್ಮನಿರಲಾರದೆ ಹೋದವರಲ್ಲಿ ಒಬ್ಬರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. ಕನ್ನಂಬಾಡಿ ಕಟ್ಟೆಯ ಜೊತೆಗೆ ಅವರ ಹೆಸರನ್ನು ಹೇಳುವ ನಾವು, ಮೋಟಾರಿನ ಜೊತೆಗೆ ಹೇಳುವುದು ಅಪರೂಪ. ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಅವರು ಯೂರೋಪು ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ನೋಡಿ ಬಂದು, ಭಾರತದಲ್ಲೇ ಕಾರು ತಯಾರಿಸುವ ಯೋಜನೆಯನ್ನು ಸಿದ್ಧಪಡಿಸಿದರು. ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದರು ಅವರಿಗೆ ಹೆಗಲು ಕೊಟ್ಟರು. ಬಾಳಾಸಾಹೇಬ ಖೇರರ ಮಂತ್ರಿಮಂಡಲ ಯೋಜನೆಗೆ ಅನುಕೂಲವಾಗಿತ್ತು. ಆದರೆ 1939ರಲ್ಲಿ ಯುದ್ಧ ಬಂದಿತು, ಮಂತ್ರಿಮಂಡಲ ರಾಜೀನಾಮೆಯಿತ್ತಿತು, ಯೋಜನೆ ನಿಂತಿತು. ಮುಂದೆ ಬೆಂಗಳೂರಿನಲ್ಲಾದರೂ ಆಗಲಿ ಎಂದು ಮೈಸೂರು ಸರ್ಕಾರ ಸಹಾಯಕ್ಕೆ ಮುಂದಾಯಿತು. ಅದಕ್ಕೆ ಬ್ರಿಟಿಷ್ ಪ್ರಭುತ್ವ ಒಪ್ಪಲಿಲ್ಲ.

ವಿಧಿಯ ಆಟ ನೋಡಿರಿ: ಇದೇ ಕಾರಿನ ಕೆಲಸಕ್ಕಾಗಿ 1939ರಲ್ಲಿ ಅಮೆರಿಕಕ್ಕೆ ಹೋದ ವಾಲ್‌ಚಂದರಿಗೆ ವಿಮಾನಯಾನದಲ್ಲಿ ವಿಲಿಯಂ ಪಾಲಿ ಎಂಬ ವಿಮಾನ ವ್ಯಾಪಾರಿಯ ಪರಿಚಯವಾಯಿತು. ಆ ಪರಿಚಯದಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆ ಹುಟ್ಟಿತು. ಕಾರು ಕೇಳಿದ ಬೆಂಗಳೂರಿಗೆ ವಿಮಾನ ಸಿಕ್ಕಿತು. ಕಾರು ಮುಂಬಯಿಯಲ್ಲಿ ಉಳಿಯಿತು. ಅಮೆರಿಕದ ಕ್ರೈಸ್ಲರ್ ಕಂಪೆನಿಯೊಡನೆ ಆದ ಒಪ್ಪಂದದ ಆಧಾರದ ಮೇಲೆ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪನೆಯಾಗಿ, 1947ರಲ್ಲಿ, ಸ್ವಾತಂತ್ರ್ಯ ಬಂದ ವರ್ಷವೇ, ಕುರ್ಲಾದ ಕಾರ್ಖಾನೆಯಿಂದ ಗಾಡಿಗಳು ಹೊರಬೀಳತೊಡಗಿದವು. ನಮ್ಮ ಸಯನ್ನಿನಿಂದ ಅಲ್ಲಿಗೆ ಒಂದೇ ಸ್ಟೇಷನ್ನು.

ಮೊದಲು ಬಂದವು ಡಾಡ್ಜ್, ಪ್ಲಿಮತ್, ಡಿಸೋಟೋ ಹೆಸರಿನ ದೊಡ್ಡ ಅಮೆರಿಕನ್ ಗಾಡಿಗಳು. 1950ರ ದಶಕದ ಆರಂಭದಲ್ಲಿ ಇಟಲಿಯ ಫಿಯೆಟ್ ಕಂಪೆನಿಯೊಡನೆ ನಂಟು ಬೆಳೆಯಿತು, 1954ರಲ್ಲಿ ಫಿಯೆಟ್ 1100 ಬಂದಿತು. ಅದರ ಗುಂಡುಗುಂಡಾದ ಮೈಯನ್ನು ನೋಡಿ ಮರಾಠಿಗರು ‘ಡುಕ್ಕರ್ ಫಿಯೆಟ್’ ಎಂದು ಹಂದಿಯ ಹೆಸರಿಟ್ಟರು. ಹೆಸರು ಒರಟಾದರೂ ಅಕ್ಕರೆಯದೇ. 1953ರ ಸುಂಕ ಆಯೋಗ, ಬರಿಯ ಜೋಡಣೆ ಸಾಲದು, ಭಾಗಗಳನ್ನು ಇಲ್ಲಿಯೇ ತಯಾರಿಸಲು ಸಿದ್ಧರಿರುವವರಿಗಷ್ಟೇ ಅವಕಾಶ ಎಂದು ಸಲಹೆಯಿತ್ತಿತು. ಜೋಡಣೆಯಲ್ಲೇ ತೃಪ್ತರಾಗಿದ್ದ ಜನರಲ್ ಮೋಟರ್ಸ್, ಫೋರ್ಡ್ ಕಂಪೆನಿಗಳು ಅಂಗಡಿ ಮುಚ್ಚಿ ಹೊರಟುಹೋದವು. ಪ್ರೀಮಿಯರ್ ಉಳಿಯಿತು. ನನಗೆ ತೋರುವಂತೆ, ನಮ್ಮ ದೇಶದ ಕಾರು ನಿಜವಾಗಿ ಹುಟ್ಟಿದುದು ಆಗಲೇ. ನಳಿಗೆ, ಪಂಪು, ಪಿಸ್ಟನ್ನು, ಬೇರಿಂಗುಗಳನ್ನು ಮಾಡುವ ಸಣ್ಣ ದೊಡ್ಡ ಕಾರ್ಖಾನೆಗಳು ಅನಂತರವೇ ಬೆಳೆದವು. ಮುಂದೆ ಗಾಡಿ ಹೆಸರು ಬದಲಿಸುತ್ತ ಹೋಯಿತು: ಸೆಲೆಕ್ಟ್, ಸೂಪರ್ ಸೆಲೆಕ್ಟ್, 1964ರ ಡಿಲೈಟ್, ಪ್ರೆಸಿಡೆಂಟ್, ಕೊನೆಗೆ 1974ರಲ್ಲಿ ಚಿತ್ತೋಡದ ರಾಣಿಯ ಹೆಸರಿನ ಪದ್ಮಿನಿ. ಹಿಂದಿನ ವರ್ಷವಷ್ಟೇ, 1973ರ ನವೆಂಬರ್ 1ರಂದು, ಮೈಸೂರು ರಾಜ್ಯವು ಕರ್ನಾಟಕವಾಗಿತ್ತು. ಹೆಸರು ಎಷ್ಟು ಬದಲಾದರೂ ಕಾರಿನ ಹೃದಯ ಅದೇ, 1089 ಘನ ಸೆಂಟಿಮೀಟರಿನ ನಾಲ್ಕು ಸಿಲಿಂಡರಿನ ಇಂಜಿನು.

ಈ ಹೃದಯ ಬದಲಾಗದೆ ಇದ್ದುದೇ ಬಿಡಿಭಾಗಗಳ ಭಾಗ್ಯವಾಯಿತು. ನಗರದಲ್ಲಿ ಸಾವಿರಾರು ಕಪ್ಪು ಹಳದಿ ಫಿಯೆಟ್ ಟ್ಯಾಕ್ಸಿಗಳು ಹಗಲೂ ರಾತ್ರಿಯೂ ಓಡುತ್ತಿದ್ದವು. ಓಡುವ ಗಾಡಿ ಸವೆಯುತ್ತದೆ. ಸವೆದರೆ ಭಾಗ ಬೇಕು. ಬೇಕೆಂದರೆ ಮಾಡುವವನುಂಟು, ಮಾರುವವನುಂಟು. ಒಪೆರಾ ಹೌಸಿನ ಸುತ್ತಲಿನ ಬಿಡಿಭಾಗದ ಅಂಗಡಿಗಳು, ಕುರ್ಲಾದ ಸಿ.ಎಸ್.ಟಿ. ರಸ್ತೆಯ ಗುಜರಿ ಸಾಲುಗಳು, ಚೋರ್ ಬಜಾರಿನ ಓಣಿಗಳು ಈ ಬೇಡಿಕೆಯಿಂದಲೂ ಬೆಳೆದವು. ಟ್ಯಾಕ್ಸಿಯೇ ಬಿಡಿಭಾಗಗಳ ತಾಯಿ. ನಮ್ಮಂತಹ ಮನೆಯ ಗಾಡಿಗಳವರು ಆ ತಾಯಿಯ ಮಡಿಲಲ್ಲಿ ಹಾಯಾಗಿದ್ದ ಮಲಮಕ್ಕಳು.

ಊರಿಗೆ ಹೋಗುವ ದಾರಿಯಲ್ಲಿ ರೇಡಿಯೇಟರಿನ ಬೆಲೆ ತಿಳಿಯುತ್ತಿತ್ತು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗುವವರೆಗೆ ನಮ್ಮ ಕರಾವಳಿಯವರಿಗೆ ಊರೆಂದರೆ ಘಾಟುಗಳಾಚೆಯ ಮಾತು. ರಜೆ ಬಂದೊಡನೆ ನಾವು ಐವರು, ಉಪ್ಪಿನಕಾಯಿಯ ಭರಣಿ, ಹಾಸಿಗೆಯ ಸುರುಳಿ, ಎಲ್ಲವೂ ಈ ಪದ್ಮಿನಿಯೊಳಗೆ ತುಂಬಿ ಕಾರ್ಕಳದ ಕಡೆಗೆ ಹೊರಡುತ್ತಿದ್ದೆವು. ಪೋಲಾದಪುರ ದಾಟಿ ಕಶೇಡಿ ಘಾಟು ಹತ್ತುವಾಗ ಉಷ್ಣದ ಮುಳ್ಳು ಏರುತ್ತಿತ್ತು. ತಂದೆಯವರು ಗಾಡಿ ನಿಲ್ಲಿಸಿ, ಬಾನೆಟ್ಟು ತೆರೆದು, ಆರುವವರೆಗೆ ಕಾಯುತ್ತಿದ್ದರು. ನೀರಿನ ಕ್ಯಾನು ಹಿಡಿದು ನಿಲ್ಲುವುದು ನನ್ನ ಉದ್ಯೋಗ. ‘ಬಿಸಿಯಿರುವಾಗ ಮುಚ್ಚಳ ಮುಟ್ಟಬೇಡ, ಕೋಪ ಬಂದವರ ಬಾಯಿ ತೆರೆಸಬೇಡ’ ಎಂದು ಅವರು ಪ್ರತಿಸಲವೂ ಹೇಳುತ್ತಿದ್ದರು. ಆ ದಾರಿಬದಿಯ ಅರ್ಧ ಗಂಟೆಯಲ್ಲಿ ಅವರು ನನ್ನೊಡನೆ ಆಡಿದಷ್ಟು ಮಾತು ಮುಂಬಯಿಯ ವರ್ಷವಿಡೀ ಆಡಿದ್ದಿಲ್ಲ.

ಈ ಕಥೆಯ ಇಳಿಜಾರು 1983ರ ಡಿಸೆಂಬರಿನಲ್ಲಿ ಮಾರುತಿ ಕಾರು ಬಂದಾಗ ಮೊದಲಾಯಿತು. ಹಗುರವಾದ, ಕಡಿಮೆ ಪೆಟ್ರೋಲು ಕುಡಿಯುವ ಹೊಸ ಗಾಡಿಯೆದುರು ಪದ್ಮಿನಿ ಮುದುಕಿಯಾದಳು. ಸುಮಾರು 2000ದ ಹೊತ್ತಿಗೆ ಅದರ ತಯಾರಿಕೆ ನಿಂತಿತು. ಟ್ಯಾಕ್ಸಿಗೆ 2008ರಲ್ಲಿ ಇಪ್ಪತ್ತೈದು ವರ್ಷದ, 2013ರಲ್ಲಿ ಇಪ್ಪತ್ತು ವರ್ಷದ ಮಿತಿ ಬಂದಿತು. ಹೊಗೆಯ ದೃಷ್ಟಿಯಿಂದ ಅದು ಅನ್ಯಾಯವೆಂದು ನಾನು ಹೇಳಲಾರೆ. ಈ ಊರಿನಲ್ಲಿ ಉಸಿರಾಡುವವರಲ್ಲಿ ನಾನೂ ಒಬ್ಬ. ಆದರೆ ಲೆಕ್ಕದ ದೃಷ್ಟಿಯಿಂದ ಒಂದು ವಿಚಿತ್ರವನ್ನು ಗಮನಿಸಬೇಕು. ಟ್ಯಾಕ್ಸಿಗಳು ಗುಜರಿಗೆ ಹೋಗುತ್ತಿದ್ದಾಗ ಹಳೆಯ ಭಾಗಗಳು ರಾಶಿರಾಶಿಯಾಗಿ ಸಿಗುತ್ತಿದ್ದವು. ಬಾಗಿಲು, ದೀಪಗಳನ್ನಾದರೂ ಯಾರಾದರೂ ಎತ್ತಿಡುತ್ತಿದ್ದರು. ರೇಡಿಯೇಟರನ್ನು ಎತ್ತಿಡುವವರು ಕಡಿಮೆ, ಏಕೆಂದರೆ ಅದು ತಾಮ್ರ. ತಾಮ್ರಕ್ಕೆ ಅಂದೇ ತೂಕದ ಮೇಲೆ ನಗದು. ಬೆಲೆಯುಳ್ಳದ್ದೇ ಮೊದಲು ಕರಗಿತು.

ಇಂತಹ ಕಾಲದಲ್ಲಿ ನಾನು ಹುಡುಕಲು ಹೊರಟೆ. ಒಪೆರಾ ಹೌಸಿನಲ್ಲಿ ಕೇಳಿದೆ, ಹಿರಿಯ ವ್ಯಾಪಾರಿಯೊಬ್ಬರು ನಕ್ಕು ಚಹಾ ಕೊಟ್ಟರು, ರೇಡಿಯೇಟರು ಕೊಡಲಿಲ್ಲ. ಸಿ.ಎಸ್.ಟಿ. ರಸ್ತೆಯಲ್ಲಿ ಎರಡು ಸಿಕ್ಕಿದವು, ಎರಡೂ ಒಳಗೆ ತಿಂದುಹೋದವು. ಕೊನೆಗೆ ಒಂದು ಅಂಗಡಿಯವರು ‘ಬೇರೆ ಕಾರಿನದನ್ನು ಕೂರಿಸಿಕೊಡುತ್ತೇವೆ’ ಎಂದು ಅಲ್ಯೂಮಿನಿಯಮ್ಮಿನದೊಂದನ್ನು ಕೂರಿಸಿದರು. ಅದಕ್ಕಾಗಿ ಮುಂದಿನ ತಗಡಿನ ಎರಡು ಕಡೆ ಹೊಸ ತೂತು ಕೊರೆದರು. ಮೂರೇ ವಾರಗಳಲ್ಲಿ ತೊಟ್ಟಿಯ ಅಂಚಿನಲ್ಲಿ ನೀರು ಜಿನುಗಿತು. ಹಣವೂ ಹೋಯಿತು, ತಗಡೂ ಹಾಳಾಯಿತು. ಅದೇ ವಾರ ಕಟ್ಟಡದ ಕಮಿಟಿಯಿಂದ ‘ಓಡದ ವಾಹನಗಳನ್ನು ತೆರವುಗೊಳಿಸತಕ್ಕದ್ದು’ ಎಂಬ ಚೀಟಿ ಬಂದಿತು. ಗುಜರಿಯವನೊಬ್ಬ ಬಂದು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬೆಲೆ ಹೇಳಿದ. ತಾಯಿ ಒಳಗಿನಿಂದ ಕೇಳಿಸಿಕೊಂಡರು, ಏನೂ ಅನ್ನಲಿಲ್ಲ. ಆದರೆ ಆ ರಾತ್ರಿ ಊಟ ಮಾಡಲಿಲ್ಲ.

ಅಮೆರಿಕದಲ್ಲಿ 1964ರಲ್ಲಿ ಹೊರಬಂದ ಫೋರ್ಡ್ ಮಸ್ಟಾಂಗಿನಂತಹ ಹಳೆಯ ಬಲಶಾಲಿ ಕಾರುಗಳಿಗೆ ಇಂದಿಗೂ ಹಳೆಯ ಅಳತೆಯಂತೆಯೇ ಹೊಸ ರೇಡಿಯೇಟರುಗಳನ್ನು ತಯಾರಿಸಿ ಮಾರುತ್ತಾರೆ. ಅಲ್ಲಿ ಅವನ್ನು ಸಾಕುವವರ ಸಂಖ್ಯೆ ಒಂದು ಮಾರುಕಟ್ಟೆಯಾಗುವಷ್ಟಿದೆ. ನಮ್ಮ ಪದ್ಮಿನಿಗೆ ಆ ಮಾರುಕಟ್ಟೆಯಾಗಿದ್ದುದು ಟ್ಯಾಕ್ಸಿ, ಅದು ಹೋಯಿತು. ನಮಗೆ ಉಳಿದಿರುವುದು ಕಾರ್ಖಾನೆಯಲ್ಲ, ಕೈ.

ಆ ಕೈ ನನಗೆ ಸಿಕ್ಕಿದುದು ಕುರ್ಲಾದ ಒಂದು ಗಲ್ಲಿಯಲ್ಲಿ, ಹತ್ತಡಿಯ ಅಂಗಡಿಯೊಂದರಲ್ಲಿ. ಎಪ್ಪತ್ತರ ಹತ್ತಿರದ ಮಿಸ್ತ್ರಿ ನನ್ನ ಹಳೆಯ ರೇಡಿಯೇಟರನ್ನು ಬೆರಳಿನಿಂದ ತಟ್ಟಿ ನೋಡಿ, ‘ತೊಟ್ಟಿ ಗಟ್ಟಿಯಿದೆ, ತಿರುಳು ಸತ್ತಿದೆ’ ಎಂದರು. ಹೊಸದು ಬೇಕೇ ಬೇಡವಾಗಿತ್ತು. ನಾನು ಹುಡುಕುತ್ತಿದ್ದುದು ನನ್ನ ಅಂಗಳದಲ್ಲೇ ಇತ್ತು. ಅವರು ಅಳತೆಗೆ ತಾಮ್ರದ ತಿರುಳು ತರಿಸಿ, ಹಳೆಯ ಹಿತ್ತಾಳೆ ತೊಟ್ಟಿಗಳಿಗೆ ಬೆಸೆದು, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಊದಿ, ಒಂದು ಗುಳ್ಳೆಯೂ ಏಳದುದನ್ನು ನನಗೆ ತೋರಿಸಿದರು. ಕೆಲಸ ಕಲಿಯಲು ಯಾರಾದರೂ ಇದ್ದಾರೆಯೇ ಎಂದು ಕೇಳಿದೆ. ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ ಎಂದರು. ಆ ಮಾತಿನಲ್ಲಿ ದೂರಿರಲಿಲ್ಲ. ನನ್ನ ತಂದೆಯೂ ನನ್ನನ್ನು ಹೋಟೆಲಿಗೆ ಸೇರಿಸಲಿಲ್ಲ.

ಈಗ ಒಂದು ಪ್ರಶ್ನೆ ಉಳಿಯಿತು. 2021ರ ಕೇಂದ್ರ ನಿಯಮದಂತೆ ಐವತ್ತು ವರ್ಷ ದಾಟಿದ, ಮೂಲಸ್ವರೂಪ ಕೆಡದ ಗಾಡಿಯನ್ನು ಇಪ್ಪತ್ತು ಸಾವಿರ ರೂಪಾಯಿ ಶುಲ್ಕವಿತ್ತು ‘ವಿಂಟೇಜ್’ ಎಂದು ದಾಖಲಿಸಬಹುದು. ನಮ್ಮ ಗಾಡಿಗೆ 2024ರಲ್ಲಿ ಐವತ್ತು ತುಂಬಿತು. ಆದರೆ ಹಾಗೆ ದಾಖಲಾದ ಗಾಡಿ ನಿತ್ಯದ ಸಂಚಾರಕ್ಕಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿಗಳಂತಹ ಕಾರಣಗಳಿಗೆ ಮಾತ್ರ ರಸ್ತೆಗಿಳಿಯಬಹುದು. ಗೌರವ ಸಿಗುತ್ತದೆ, ಊರಿನ ದಾರಿ ಹೋಗುತ್ತದೆ. ತಾಯಿಯನ್ನು ಕೇಳಿದೆ. ‘ಮೆರವಣಿಗೆಗೆ ನಮ್ಮಲ್ಲಿ ಯಾರಿದ್ದಾರೆ? ಊರಿಗೆ ಹೋಗಲಿಕ್ಕಲ್ಲವೇ ಅವರು ಕೊಂಡದ್ದು?’ ಎಂದರು. ಅದರಿಂದ ಸಾಮಾನ್ಯ ದಾಖಲೆಯನ್ನೇ, ತೆರಿಗೆ ಕಟ್ಟಿ, ತಪಾಸಣೆ ಮಾಡಿಸಿ, ಮುಂದುವರಿಸಿದೆವು. ಕಮಿಟಿಯವರ ಎದುರಿಗೇ ಗಾಡಿಯನ್ನು ಒಂದು ಸುತ್ತು ಓಡಿಸಿ ತಂದು ಮರದ ಕೆಳಗೆ ನಿಲ್ಲಿಸಿದೆನು. ಚೀಟಿ ಮತ್ತೆ ಬರಲಿಲ್ಲ.

ಕುರ್ಲಾದಲ್ಲಿ ಪ್ರೀಮಿಯರ್ ರೋಡ್ ಎಂಬ ಹೆಸರು ಇಂದಿಗೂ ಇದೆ. ಕಾರ್ಖಾನೆಯ ಗದ್ದಲ ಮಾತ್ರ ಇಲ್ಲ. ವಿಶ್ವೇಶ್ವರಯ್ಯನವರು ಕಂಡ ಕನಸಿನಲ್ಲಿ ನಮ್ಮ ಪಾಲಿಗೆ ಉಳಿದಿರುವುದು ಆ ಹೆಸರು, ಅಲ್ಲಲ್ಲಿ ನಿಂತ ಕೆಲವು ಗಾಡಿಗಳು, ಮತ್ತು ಬೆಸುಗೆಯ ಕಡ್ಡಿ ಹಿಡಿದ ಕೆಲವು ಹಿರಿಯ ಕೈಗಳು. ಕಾರು ತಯಾರಾಗುವುದು ಕಾರ್ಖಾನೆಯಲ್ಲಿ, ಬದುಕುವುದು ದುರಸ್ತಿಯವನ ಗಲ್ಲಿಯಲ್ಲಿ.

ಸಂಘದ ಬಂಧುಗಳಲ್ಲಿ ಒಂದು ಬಿನ್ನಹ. ತಮ್ಮ ಮನೆಯ ಅಟ್ಟದ ಮೇಲೆ, ಹೋಟೆಲಿನ ಉಗ್ರಾಣದಲ್ಲಿ, ಹಳೆಯ ಫಿಯೆಟ್ಟಿನ ಪಂಪೋ, ಹಿತ್ತಾಳೆಯ ತೊಟ್ಟಿಯೋ ಬಿದ್ದಿದ್ದರೆ ಗುಜರಿಯ ತಕ್ಕಡಿಗೆ ಹಾಕುವ ಮುನ್ನ ಒಂದು ಮಾತು ತಿಳಿಸಬೇಕು. ಕೊಳ್ಳುವೆನೆಂದು ಜಂಬ ಕೊಚ್ಚಲಾರೆ, ಗುಮಾಸ್ತನ ಸಂಬಳ ತಮಗೆ ಗೊತ್ತೇ ಇದೆ. ಬೇಕಾದವರಿಗೆ ದಾರಿ ತೋರಿಸಬಲ್ಲೆ. ಈ ಡಿಸೆಂಬರಿನಲ್ಲಿ ತಾಯಿಯನ್ನು ಕೂರಿಸಿಕೊಂಡು ಕಾರ್ಕಳಕ್ಕೆ ಹೊರಡುವವನಿದ್ದೇನೆ. ಕಶೇಡಿಗೆ ಈಗ ಸುರಂಗವಾಗಿದೆಯಂತೆ. ಆದರೂ ಹಳೆಯ ಘಾಟಿನ ದಾರಿಯಲ್ಲೇ ಹೋಗಿ, ತಂದೆಯವರು ನಿಲ್ಲಿಸುತ್ತಿದ್ದ ತಿರುವಿನಲ್ಲಿ, ಬೇಕಿರಲಿ ಬೇಡದಿರಲಿ, ಅರ್ಧ ಗಂಟೆ ನಿಲ್ಲಿಸುವೆನು. ನೀರಿನ ಕ್ಯಾನು ಹಿಡಿಯಲು ನನ್ನ ಮಗನಿದ್ದಾನೆ.