ಗುಳೆ ಹೋದವರು ಯಾವ ಊರಿನ ಲೆಕ್ಕದಾಗ?

ನಮ್ಮ ಕಡೆ ಹಳಬರಿಗೆ ವಯಸ್ಸು ಕೇಳಿದರೆ ಇಸವಿ ಹೇಳೂದಿಲ್ಲ, ಬರ ಹೇಳ್ತಾರ. "ಎಪ್ಪತ್ತೆರಡರ ಬರದಾಗ ನಾ ಖಡಿ ಒಡಿಯಾಕ ಹೋಗ್ತಿದ್ದೆ" ಅಂದರೆ ಉಳಿದ ಲೆಕ್ಕ ನಾವೇ ಹಾಕಿಕೊಳ್ಳಬೇಕು. ಜತ್ತ ಸೀಮೆಯ ಜನಸಂಖ್ಯೆಯ ಇತಿಹಾಸವನ್ನೂ ಹೀಗೆಯೇ ಬರದಿಂದ ಬರಕ್ಕೆ ಓದಬೇಕಾಗುತ್ತದೆ. ಖಾನೇಸುಮಾರಿ ಪುಸ್ತಕದಾಗ ಅಂಕಿ ಸಿಗುತ್ತವೆ. ಆದರೆ ಅಂಕಿ ಯಾಕ ಏರಿತು, ಯಾಕ ಇಳಿಯಿತು ಎಂಬುದು ಬರದ ಕತೆ ಗೊತ್ತಿದ್ದವರಿಗೇ ತಿಳಿಯುವುದು.

1791-92ರ ಬರಕ್ಕೆ ವಿಜಾಪುರ ಸೀಮೆಯಲ್ಲಿ ಡೋಗಿ ಬರ ಅಂತ ಹೆಸರು. ಸತ್ತವರನ್ನು ಮಣ್ಣು ಮಾಡುವವರಿಲ್ಲದೆ ಹೊಲದ ತುಂಬ ತಲೆಬುರುಡೆ ಬಿದ್ದಿದ್ದವಂತೆ. ಆಗ ಎಣಿಕೆ ಮಾಡುವವರು ಯಾರೂ ಇರಲಿಲ್ಲ. ಎಷ್ಟು ಮಂದಿ ಹೋದರು ಎಂಬುದಕ್ಕೆ ಆ ಹೆಸರೇ ದಾಖಲೆ. 1876-78ರ ಬರದ ಹೊತ್ತಿಗೆ ಸ್ಥಿತಿ ಬೇರೆ. ಮುಂಬಯಿ ಇಲಾಖೆಯಲ್ಲಿ 1872ರಲ್ಲಿ ಒಮ್ಮೆ ಜನಗಣತಿ ಆಗಿತ್ತು. ಮುಂದಿನದು 1881ರ ಫೆಬ್ರವರಿ 17ರ ರಾತ್ರಿ, ದೇಶಕ್ಕೆಲ್ಲ ಒಂದೇ ಸಲ. ಈ ಎರಡು ಎಣಿಕೆಗಳ ನಡುವೆ ಬರ ಬಂತು. ನಮ್ಮ ನೆರೆಯ ಕಲಾದಗಿ ಜಿಲ್ಲೆಯ (ಇಂದಿನ ವಿಜಯಪುರ, ಬಾಗಲಕೋಟೆ ಸೀಮೆ) ಜನಸಂಖ್ಯೆ ಸುಮಾರು ಐದರಲ್ಲಿ ಒಂದು ಪಾಲು ಇಳಿದಿತ್ತು. ಜತ್ತ ಆಗ ಡಫಳೆಯವರ ಸಂಸ್ಥಾನ, ಆದರೆ ಮಳಿಗೆ ಸಂಸ್ಥಾನ ಯಾವುದು, ಖಾಲಸಾ ಯಾವುದು? ಹೊಲ ಒಂದೇ, ಬರವೂ ಒಂದೇ.

ಇಲ್ಲಿ ಒಂದು ಮಾತು ಗಮನಿಸಬೇಕು. ಕಡಿಮೆಯಾದ ಅಷ್ಟೂ ಮಂದಿ ಸತ್ತವರಲ್ಲ. ಎಷ್ಟೋ ಸಂಸಾರಗಳು ದನ ಮಾರಿ, ನಿಜಾಮನ ಸೀಮೆಗೆ, ನೀರಿದ್ದ ಕಡೆಗೆ ಗುಳೆ ಎದ್ದು ಹೋಗಿದ್ದವು. ಎಣಿಸುವವನಿಗೆ ಸತ್ತವನೂ ಒಂದೇ, ಹೋದವನೂ ಒಂದೇ; ಆ ರಾತ್ರಿ ಒಲೆಯ ಮುಂದೆ ಇಲ್ಲದವನು ಆ ಊರಿನ ಲೆಕ್ಕದಾಗ ಇಲ್ಲ.

ದೇಶದ ಮಟ್ಟದಲ್ಲೂ ಐವತ್ತು ವರ್ಷ ಹೀಗೇ ಹಗ್ಗಜಗ್ಗಾಟ. ಬರ ಹೋಯಿತು ಅನ್ನುವಷ್ಟರಲ್ಲಿ 1896ರಲ್ಲಿ ಮುಂಬಯಿಗೆ ಪ್ಲೇಗ ಬಂತು, 1918ರಲ್ಲಿ ಇನ್‌ಫ್ಲುಯೆಂಜಾ. ಆ ಜ್ವರವೊಂದೇ ಹಿಂದುಸ್ತಾನದಲ್ಲಿ ಕೋಟಿಗೂ ಮೀರಿ ಮಂದಿಯನ್ನು ಒಯ್ಯಿತು. 1911ರಲ್ಲಿ 25.2 ಕೋಟಿ ಇದ್ದ ಜನಸಂಖ್ಯೆ 1921ರಲ್ಲಿ 25.1 ಕೋಟಿ. ಆ ದಶಕದಲ್ಲಿ ಸಾವಿರ ಮಂದಿಗೆ ವರ್ಷಕ್ಕೆ ಸುಮಾರು 48 ಹುಟ್ಟು, ಹೆಚ್ಚುಕಡಿಮೆ ಅಷ್ಟೇ ಸಾವು. ಸರಾಸರಿ ಆಯುಷ್ಯ 20 ವರ್ಷದ ಆಸುಪಾಸು. ಎಂಟು ಹೆತ್ತು ಎರಡು ಉಳಿಸಿಕೊಂಡ ಅಜ್ಜಿಯರ ಕಾಲ ಅದು. 1921ರ ನಂತರ ಭಾರತದ ಜನಸಂಖ್ಯೆ ಒಂದು ದಶಕದಲ್ಲೂ ಇಳಿದಿಲ್ಲ.

ಮುಂದೆ ಜನ ಹೆಚ್ಚಿದ್ದು ಹೆಚ್ಚು ಹೆತ್ತಿದ್ದಕ್ಕಲ್ಲ. ಇದನ್ನು ಶಾಲೆಯಲ್ಲಿ ಒತ್ತಿ ಹೇಳಬೇಕು ಅಂತ ನನ್ನ ಅಭಿಪ್ರಾಯ, ಯಾಕಂದ್ರ ಬಡವರು ಬಹಳ ಮಕ್ಕಳನ್ನು ಹೆತ್ತು ದೇಶ ಕೆಡಿಸಿದರು ಅನ್ನೋ ಮಾತು ಇನ್ನೂ ಕೇಳಿಬರುತ್ತದೆ. 1971ರ ಹೊತ್ತಿಗೆ ಹುಟ್ಟು ಸಾವಿರಕ್ಕೆ ಸುಮಾರು 37ಕ್ಕೆ ಇಳಿದಿತ್ತು. ಆದರೆ ಸಾವು 15ಕ್ಕೆ ಇಳಿದಿತ್ತು. ಮಲೇರಿಯಾಕ್ಕೆ ಡಿಡಿಟಿ, ಸಿಡುಬಿಗೆ ಲಸಿಕೆ, ಬರಕ್ಕೆ ರೈಲಿನ ಕಾಳು: ಇವು ಮಾಡಿದ ಕೆಲಸ.

ದೊಡ್ಡ ದೊಡ್ಡ ಲೆಕ್ಕಿಗರು ಎಡವಿದ್ದೂ ಇಲ್ಲೇ. 1951ರ ಜನಗಣತಿಯ ಆಯುಕ್ತ ಗೋಪಾಲಸ್ವಾಮಿಯವರು 36 ಕೋಟಿ ಮಂದಿಯನ್ನು ಎಣಿಸಿ, 1961ಕ್ಕೆ 41 ಕೋಟಿ, 1971ಕ್ಕೆ 46, 1981ಕ್ಕೆ 52 ಆಗಬಹುದು ಎಂದು ಅಂದಾಜಿಸಿದರು. ಆದದ್ದು 44, 55, 68 ಕೋಟಿ. ಅವರು ದಡ್ಡರಲ್ಲ, ಸಾವು ಅಷ್ಟು ಬೇಗ ಹಿಂದೆ ಸರಿದೀತು ಎಂದು ಯಾರಿಗೂ ಅನಿಸಿರಲಿಲ್ಲ. ಇನ್ನೊಂದು ತುದಿಯ ತಪ್ಪು ಅಮೆರಿಕದ ಪ್ಯಾಡಕ್ ಸೋದರರದು. 1975ರ ಹೊತ್ತಿಗೆ ಮಹಾ ಕ್ಷಾಮ ಬರುತ್ತದೆ, ಭಾರತಕ್ಕೆ ಕಾಳು ಕಳಿಸುವುದೂ ವ್ಯರ್ಥ ಅಂತ 1967ರಲ್ಲಿ ಪುಸ್ತಕ ಬರೆದರು. ಬರ ಬಂತು, 1972ರಲ್ಲಿ, ನಮ್ಮ ಬಾಗಿಲಿಗೇ. ಬಾವಿ ಬತ್ತಿದವು, ದನ ಸತ್ತವು. ಜನ ಖಡಿ ಒಡೆದರು, ಕೆರೆ ಕಟ್ಟಿದರು, ಕೆಂಪು ಮಿಲೋ ಜೋಳದ ರೊಟ್ಟಿ ತಿಂದರು, ಮಕ್ಕಳು ಸುಕಡಿ ತಿಂದರು. ಮಿಲೋ ರೊಟ್ಟಿಯ ರುಚಿಯನ್ನು ಬೈಯ್ಯುವವರು ಇಂದಿಗೂ ಅದಾರ. ಬೈಯ್ಯಲಿಕ್ಕೆ ಉಳಿದಾರಲ್ಲ, ಅದೇ 1876ಕ್ಕೂ 1972ಕ್ಕೂ ಇರುವ ವ್ಯತ್ಯಾಸ. ಆ ದಶಕದಲ್ಲಿ ಮಹಾರಾಷ್ಟ್ರದ ಜನಸಂಖ್ಯೆ 5.04 ಕೋಟಿಯಿಂದ 6.28 ಕೋಟಿಗೆ ಏರಿತು. ಆ ಕೂಲಿ ಕೆಲಸಗಳಿಂದಲೇ ರೋಜಗಾರ ಹಮಿ ಕಾಯ್ದೆ ಹುಟ್ಟಿತು.

ಹುಟ್ಟು ಕಡಿಮೆ ಮಾಡುವ ಪ್ರಯತ್ನವೂ ಹಳೆಯದೇ. ಮೈಸೂರು ಸಂಸ್ಥಾನ 1930ರಲ್ಲೇ ಸರಕಾರಿ ಸಂತತಿ ನಿಯಂತ್ರಣ ಚಿಕಿತ್ಸಾಲಯ ತೆರೆದಿತ್ತು. ತುರ್ತು ಪರಿಸ್ಥಿತಿಯಲ್ಲಿ ಮಹಾರಾಷ್ಟ್ರದ ವಿಧಾನಮಂಡಲ ಕಡ್ಡಾಯ ಸಂತಾನಹರಣದ ಮಸೂದೆಯನ್ನೇ ಪಾಸು ಮಾಡಿತು; ಅದು ಜಾರಿಗೆ ಬರಲಿಲ್ಲ, ಹೆದರಿಕೆ ಮಾತ್ರ ಉಳಿಯಿತು. ಹೆದರಿಸಿದ್ದಕ್ಕಿಂತ ಹೆಣ್ಣುಮಕ್ಕಳು ಶಾಲೆಗೆ ಹೋದದ್ದು, ಹೆತ್ತ ಕೂಸು ಬದುಕುತ್ತದೆ ಎಂಬ ಧೈರ್ಯ ಬಂದದ್ದು ಹೆಚ್ಚು ಕೆಲಸ ಮಾಡಿತು. 1951ರ ಸುಮಾರಿಗೆ ಒಬ್ಬ ತಾಯಿಗೆ ಸರಾಸರಿ ಆರು ಮಕ್ಕಳು. 2019-21ರ ಸಮೀಕ್ಷೆಯಲ್ಲಿ ದೇಶಕ್ಕೆ 2.0, ಮಹಾರಾಷ್ಟ್ರಕ್ಕೂ ಕರ್ನಾಟಕಕ್ಕೂ 1.7. ತಂದೆ-ತಾಯಿಯ ಜಾಗ ತುಂಬಲು 2.1 ಬೇಕು. ಅಂದರೆ ಗಡಿಯ ಎರಡೂ ಕಡೆ ಅದಕ್ಕಿಂತ ಕೆಳಗೇ ಇದ್ದೇವೆ. ಒಂದನೆಯ ಇಯತ್ತೆಯ ಹಾಜರಿ ಪಟ ಬರೆಯುವ ಮಾಸ್ತರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗಿನ ಅಂದಾಜು ಏನೆಂದರೆ, 2011ರಲ್ಲಿ 121 ಕೋಟಿ ಇದ್ದವರು 2036ಕ್ಕೆ ಸುಮಾರು 152 ಕೋಟಿ ಆಗುತ್ತೇವೆ. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2060ರ ದಶಕದ ಆರಂಭದಲ್ಲಿ 170 ಕೋಟಿ ತಲುಪಿ, ಆಮೇಲೆ ಇಳಿತ. ಇವೂ ಪಂಚಾಂಗವಲ್ಲ, ಇಂದಿನ ನಡೆ ಹೀಗೇ ಸಾಗಿದರೆ ಎಂಬ ಗಣಿತ. ದೇಶಕ್ಕೆ ಈ ಗಣಿತ ಹೆಚ್ಚುಕಡಿಮೆ ಕೂಡುತ್ತದೆ, ಯಾಕೆಂದರೆ ದೇಶ ಬಿಟ್ಟು ಹೋಗುವವರು ಕಡಿಮೆ. ತಾಲೂಕಿಗೆ ಕೂಡುವುದಿಲ್ಲ. 1901ರಲ್ಲಿ ಜತ್ತ ಸಂಸ್ಥಾನದಲ್ಲಿ ಸುಮಾರು 69 ಸಾವಿರ ಮಂದಿ. ಎಲ್ಲೆ ತುಸು ಬದಲಾಗಿ ತಾಲೂಕಾದ ಮೇಲೆ 2011ರಲ್ಲಿ ಸುಮಾರು 3 ಲಕ್ಷ 28 ಸಾವಿರ. ಇದರ ಮುಂದಿನ ಅಂಕಿ ಹೆರಿಗೆ ಕೋಣೆಯಲ್ಲಿ ತೀರ್ಮಾನವಾಗುವುದಕ್ಕಿಂತ ಹೆಚ್ಚಾಗಿ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ತೀರ್ಮಾನವಾಗುತ್ತದೆ.

ದೀಪಾವಳಿ ಮುಗಿದದ್ದೇ ಮುಕಾದಮನ ಟೋಳಿ ಕಬ್ಬು ಕಡಿಯಲು ಹೊರಡುತ್ತದೆ. ಗಂಡ-ಹೆಂಡತಿ ಸೇರಿ ಒಂದು ಕೊಯ್ತಾ, ಜೊತೆಗೆ ಕೂಸು, ಪಾತ್ರೆ, ಆಡು. ತಿರುಗಿ ಬರುವುದು ಕಾರಖಾನೆ ನಿಂತ ಮೇಲೆ. ಜನಗಣತಿಯವರು ಮನೆಮನೆಗೆ ಬರುವುದು ಯಾವಾಗ? 2011ರಲ್ಲಿ ಫೆಬ್ರವರಿ 9ರಿಂದ 28ರವರೆಗೆ, ಹಂಗಾಮು ನಡೆದಿರುವಾಗಲೇ. ಆ ಇಪ್ಪತ್ತು ದಿನಗಳಲ್ಲಿ ಒಂದು ದಿನವೂ ಊರಲ್ಲಿ ಇಲ್ಲದವರನ್ನು ಇದ್ದಲ್ಲೇ ಎಣಿಸಬೇಕು ಎಂಬುದು ನಿಯಮ. ಹಾಗಾಗಿ ನಮ್ಮ ಮನೆಗೆ ಬೀಗ, ನಮ್ಮ ಮಂದಿ ಕೃಷ್ಣಾ ದಂಡೆಯ ಊರಿನ ಲೆಕ್ಕಕ್ಕೆ. ಗದ್ದೆಯ ಬದುವಿನ ಗುಡಿಸಲಿಗೆ ಎಣಿಸುವವರು ಹೋಗದಿದ್ದರೆ ಎರಡೂ ಊರಿನ ಲೆಕ್ಕದಾಗ ಇಲ್ಲ. 1881ರ ಮಾತೇ ಮತ್ತೆ.

ಇದು ಬರೀ ಪುಸ್ತಕದ ವಿಷಯ ಅಲ್ಲ. ಹದಿನೈದನೆಯ ಹಣಕಾಸು ಆಯೋಗ ಪಂಚಾಯತಿಗಳ ನಿಧಿಗೆ 2011ರ ಅಂಕಿಯನ್ನೇ ಹಿಡಿಯಿತು. ಎಷ್ಟು ಮಂದಿಗೆ ರೇಶನ್ ಎಂಬ ಮಿತಿಯೂ ಅದೇ ಅಂಕಿಯ ಮೇಲೆ. 2021ರ ಜನಗಣತಿ ಕೊರೋನಾದಿಂದ ನಿಂತು, ಹಳೆಯ ಅಂಕಿ ಹದಿನೈದು ವರ್ಷ ಎಳೆಯಿತು. ಮುಂದಿನ ಗಣತಿಗೆ ಗೊತ್ತು ಮಾಡಿದ ದಿನ 2027ರ ಮಾರ್ಚ್ 1. ಅಂದರೆ ಮತ್ತೆ ಕಬ್ಬಿನ ಹಂಗಾಮೇ. ಎಣಿಸಲು ಬರುವವರಲ್ಲಿ ನಮ್ಮ ಶಾಲೆಯ ಮಾಸ್ತರರೇ ಹೆಚ್ಚು. ಬೀಗ ಕಂಡಲ್ಲಿ ನೆರೆಮನೆಯವರನ್ನು ಕೇಳಿ, ಟೋಳಿ ಯಾವ ಕಾರಖಾನೆಗೆ ಹೋಗಿದೆ ಎಂದು ಬರೆದಿಟ್ಟುಕೊಳ್ಳುವುದು, ಮುಕಾದಮನಿಗೆ ಫೋನು ಮಾಡಿ ಅಲ್ಲಿ ಎಣಿಕೆ ಆಯಿತೋ ಇಲ್ಲವೋ ವಿಚಾರಿಸುವುದು, ಗ್ರಾಮಸಭೆಯಲ್ಲಿ ದೀಪಾವಳಿಗೂ ಮೊದಲೇ ಈ ವಿಷಯ ಎತ್ತುವುದು, ಇಷ್ಟಕ್ಕೆ ಯಾರ ಹುಕುಮೂ ಬೇಕಿಲ್ಲ. 2011ರ ಪತ್ರಿಕೆಯಲ್ಲಿ ಹುಟ್ಟಿದ ಊರು ಯಾವುದು, ಮೊದಲು ಇದ್ದ ಊರು ಯಾವುದು, ಯಾಕೆ ಬಿಟ್ಟಿರಿ ಎಂಬ ಪ್ರಶ್ನೆಗಳೂ ಇದ್ದವು. ಹೋಗುವವರಿಗೆ ಅದನ್ನೊಂದು ತಿಳಿಸಿ ಕಳಿಸಿದರೆ, ಕಬ್ಬಿನ ಗದ್ದೆಯ ಗುಡಿಸಲಿನಲ್ಲಿ ಕೂತು ಉತ್ತರ ಹೇಳುವವರ ಬಾಯಲ್ಲಿ ಸಂಖದ ಹೆಸರು ಬಂದೀತು.