ಹಾಡೇ ಸಾಕ್ಷಿ: ಹಿಪ್ ಹಾಪ್ ಮತ್ತು ಪೊಲೀಸ್ ಹಿಂಸೆಯ ವಿರುದ್ಧದ ಹೋರಾಟ

ಹಿಪ್ ಹಾಪ್ ಹುಟ್ಟಿದ್ದು ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನಲ್ಲಿ. 1973ರ ಆಗಸ್ಟ್ 11ರಂದು ಅಲ್ಲಿನ ಸೆಡ್ಜ್‌ವಿಕ್ ಅವೆನ್ಯೂದ ವಸತಿ ಕಟ್ಟಡವೊಂದರಲ್ಲಿ ಜಮೈಕಾ ಮೂಲದ ಯುವಕ ಡಿಜೆ ಕೂಲ್ ಹರ್ಕ್ ತನ್ನ ತಂಗಿಯ ಜೊತೆ ಸೇರಿ ನಡೆಸಿದ ಪಾರ್ಟಿಯನ್ನು ಅದರ ಆರಂಭವೆಂದು ಗುರುತಿಸುವುದು ವಾಡಿಕೆ. ಹೆದ್ದಾರಿಗಾಗಿ ಸಾವಿರಾರು ಜನ ಮನೆ ಬಿಟ್ಟು ಹೋದ, ಬೆಂಕಿಗೆ ಬೀದಿಬೀದಿಗಳೇ ಬಲಿಯಾದ ಪ್ರದೇಶ ಅದು. ಅಲ್ಲಿ ಉಳಿದ ಕಪ್ಪು ಜನರ ಮತ್ತು ಲ್ಯಾಟಿನ್ ಅಮೆರಿಕ ಮೂಲದವರ ಮಕ್ಕಳು ಕೈಗೆ ಸಿಕ್ಕ ಸಾಧನಗಳಿಂದಲೇ ನಾಲ್ಕು ಕಲೆಗಳನ್ನು ಕಟ್ಟಿಕೊಂಡರು: ರೆಕಾರ್ಡು ತಿರುಗಿಸುವ ಡಿಜೆ ಕಲೆ, ಲಯಕ್ಕೆ ಮಾತು ಪೋಣಿಸುವ ರ‍್ಯಾಪ್, ಬ್ರೇಕ್ ಡ್ಯಾನ್ಸ್ ಮತ್ತು ಗ್ರಾಫಿಟಿ. ಇವೆಲ್ಲ ಬೆಳೆದದ್ದು ಬೀದಿಯಲ್ಲಿ, ಉದ್ಯಾನದಲ್ಲಿ, ಸುರಂಗ ರೈಲಿನ ಗೋಡೆಯ ಮೇಲೆ. ಆ ಜಾಗಗಳಲ್ಲೆಲ್ಲ ಕಾವಲಿಗಿದ್ದವರು ಪೊಲೀಸರು. ಹಾಗಾಗಿ ಈ ಕಲೆಗೂ ಪೊಲೀಸ್ ವ್ಯವಸ್ಥೆಗೂ ನಡುವಿನ ಸಂಘರ್ಷ ಮೊದಲಿನಿಂದಲೇ ಇತ್ತು.

1983ರ ಸೆಪ್ಟೆಂಬರ್‌ನಲ್ಲಿ ಆ ಸಂಘರ್ಷ ಒಂದು ಜೀವವನ್ನೇ ತೆಗೆದುಕೊಂಡಿತು. ಮ್ಯಾನ್‌ಹಾಟನ್‌ನ ಸುರಂಗ ರೈಲು ನಿಲ್ದಾಣದ ಗೋಡೆಯ ಮೇಲೆ ಬರೆದ ಆರೋಪದಲ್ಲಿ ರೈಲ್ವೆ ಪೊಲೀಸರು ಬಂಧಿಸಿದ 25 ವರ್ಷದ ಮೈಕೆಲ್ ಸ್ಟೀವರ್ಟ್ ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ಆಸ್ಪತ್ರೆ ಸೇರಿದ. 13 ದಿನಗಳ ನಂತರ ತೀರಿಕೊಂಡ. ವಿಚಾರಣೆ ಎದುರಿಸಿದ ಆರೂ ಅಧಿಕಾರಿಗಳು 1985ರಲ್ಲಿ ಖುಲಾಸೆಯಾದರು. ಚಿತ್ರಕಲಾವಿದ ಜಾನ್ ಮಿಶೆಲ್ ಬಾಸ್ಕಿಯಾ ಈ ಸಾವನ್ನು ಗೆಳೆಯ ಕೀತ್ ಹ್ಯಾರಿಂಗ್‌ನ ಸ್ಟುಡಿಯೊ ಗೋಡೆಯ ಮೇಲೆ ಚಿತ್ರಿಸಿದ. 1989ರಲ್ಲಿ ನಿರ್ದೇಶಕ ಸ್ಪೈಕ್ ಲೀ ತನ್ನ ‘ಡೂ ದಿ ರೈಟ್ ಥಿಂಗ್’ ಚಿತ್ರವನ್ನು ಅರ್ಪಿಸಿದವರಲ್ಲಿ ಸ್ಟೀವರ್ಟ್ ಕುಟುಂಬವೂ ಸೇರಿದೆ. ಆ ಚಿತ್ರದಲ್ಲಿ ಪೊಲೀಸರು ಕತ್ತು ಅಮುಕಿದ್ದರಿಂದ ಸಾಯುವ ಯುವಕನ ಟೇಪ್ ರೆಕಾರ್ಡರ್‌ನಲ್ಲಿ ಸದಾ ಮೊಳಗುವುದು ಪಬ್ಲಿಕ್ ಎನಿಮಿ ತಂಡದ ‘ಫೈಟ್ ದಿ ಪವರ್’. ಪ್ರತಿಭಟನೆಯ ಹಾಡಾಗಿ ರ‍್ಯಾಪ್ ದೊಡ್ಡ ಪ್ರೇಕ್ಷಕವರ್ಗವನ್ನು ತಲುಪಿದ್ದು ಆಗ.

ಅದೇ ಕಾಲಕ್ಕೆ ಅಮೆರಿಕದ ಇನ್ನೊಂದು ತುದಿಯಲ್ಲಿ, ಲಾಸ್ ಏಂಜಲೀಸ್‌ನಲ್ಲಿ, ಪೊಲೀಸ್ ಮುಖ್ಯಸ್ಥ ಡೇರಿಲ್ ಗೇಟ್ಸ್ ಮಾದಕವಸ್ತು ಮತ್ತು ಗ್ಯಾಂಗ್‌ಗಳ ವಿರುದ್ಧ ಯುದ್ಧದ ರೀತಿಯ ಕಾರ್ಯಾಚರಣೆ ನಡೆಸುತ್ತಿದ್ದ. ಮನೆಗಳ ಗೋಡೆ ಒಡೆಯಲು ಕವಚವಾಹನ ಬಳಸಲಾಯಿತು. 1988ರ ಒಂದೇ ವಾರಾಂತ್ಯದಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿದು ಒಯ್ಯಲಾಯಿತು. ಅದೇ ಸುಮಾರಿಗೆ ಪಕ್ಕದ ಕಾಂಪ್ಟನ್‌ನ ಎನ್.ಡಬ್ಲ್ಯು.ಎ. ಎಂಬ ರ‍್ಯಾಪ್ ತಂಡ ಪೊಲೀಸರನ್ನು ನೇರವಾಗಿ ನಿಂದಿಸುವ ಹಾಡನ್ನು ಹೊರತಂದಿತು. ಹಾಡು ಹಿಂಸೆಗೆ ಪ್ರಚೋದಿಸುತ್ತದೆ ಎಂದು 1989ರಲ್ಲಿ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐನ ಅಧಿಕಾರಿಯೊಬ್ಬರು ಧ್ವನಿಮುದ್ರಣ ಕಂಪನಿಗೆ ಪತ್ರ ಬರೆದರು. ಡೆಟ್ರಾಯ್ಟ್‌ನಲ್ಲಿ ಅದೇ ಹಾಡನ್ನು ಆರಂಭಿಸಿದ ಕೂಡಲೇ ಪೊಲೀಸರು ವೇದಿಕೆಯತ್ತ ನುಗ್ಗಿ ಕಾರ್ಯಕ್ರಮವನ್ನೇ ನಿಲ್ಲಿಸಿದರು.

ಈ ಹಾಡುಗಳು ಉತ್ಪ್ರೇಕ್ಷೆ ಎಂದವರಿಗೆ 1991ರ ಮಾರ್ಚ್ 3ರ ರಾತ್ರಿ ಉತ್ತರ ಸಿಕ್ಕಿತು. ಲಾಸ್ ಏಂಜಲೀಸ್ ಪೊಲೀಸರು ರಾಡ್ನಿ ಕಿಂಗ್ ಎಂಬ ಕಪ್ಪು ವ್ಯಕ್ತಿಯನ್ನು ನೆಲಕ್ಕೆ ಕೆಡವಿ ಲಾಠಿಗಳಿಂದ ಬಡಿಯುತ್ತಿದ್ದುದನ್ನು ಹತ್ತಿರದ ನಿವಾಸಿಯೊಬ್ಬರು ವಿಡಿಯೊ ಮಾಡಿದ್ದರು. ಇಡೀ ಜಗತ್ತು ಆ ದೃಶ್ಯವನ್ನು ನೋಡಿತು. ಆದರೂ 1992ರ ಏಪ್ರಿಲ್ 29ರಂದು ಜ್ಯೂರಿ ನಾಲ್ವರು ಅಧಿಕಾರಿಗಳಲ್ಲಿ ಒಬ್ಬರನ್ನೂ ತಪ್ಪಿತಸ್ಥರೆಂದು ಘೋಷಿಸಲಿಲ್ಲ. ನಂತರದ ಗಲಭೆಯಲ್ಲಿ 60ಕ್ಕೂ ಹೆಚ್ಚು ಜನ ಸತ್ತರು. ಅಷ್ಟು ವರ್ಷ ರ‍್ಯಾಪ್ ಹಾಡುಗಾರರು ಹೇಳುತ್ತ ಬಂದ ಮಾತಿಗೆ ಕ್ಯಾಮೆರಾದ ಸಾಕ್ಷ್ಯ ಸಿಕ್ಕಿತ್ತು. ಆ ತೀರ್ಪಿನಲ್ಲಿ ನ್ಯಾಯ ಮಾತ್ರ ಸಿಗಲಿಲ್ಲ.

1999ರ ಫೆಬ್ರುವರಿ 4ರಂದು ಬ್ರಾಂಕ್ಸ್‌ನಲ್ಲಿ ತನ್ನ ಮನೆಯ ಬಾಗಿಲಲ್ಲೇ ನಿಂತಿದ್ದ, ಕೈಯಲ್ಲಿ ಯಾವ ಆಯುಧವೂ ಇಲ್ಲದ ಅಮಡು ಡಿಯಾಲೊ ಎಂಬ 23 ವರ್ಷದ ವಲಸಿಗನ ಮೇಲೆ ನಾಲ್ವರು ಪೊಲೀಸರು 41 ಗುಂಡು ಹಾರಿಸಿದರು. 19 ಗುಂಡು ತಗುಲಿ ಆತ ಸತ್ತ. ಮರುವರ್ಷ ಆ ನಾಲ್ವರೂ ಖುಲಾಸೆಯಾದರು. ಈ ಹತ್ಯೆಯನ್ನು ಪ್ರತಿಭಟಿಸಿ ರ‍್ಯಾಪ್ ಕಲಾವಿದರಾದ ಮೋಸ್ ಡೆಫ್ ಮತ್ತು ತಾಲಿಬ್ ಕ್ವೆಲಿ ಮುಂದಾಗಿ ಹಲವಾರು ಕಲಾವಿದರನ್ನು ಒಟ್ಟುಗೂಡಿಸಿ ‘ಹಿಪ್ ಹಾಪ್ ಫಾರ್ ರೆಸ್ಪೆಕ್ಟ್’ ಎಂಬ ಧ್ವನಿಮುದ್ರಿಕೆ ತಂದರು. ಒಬ್ಬೊಬ್ಬರ ಅನುಭವವಾಗಿದ್ದ ಹಾಡು ಇಲ್ಲಿ ಸಂಘಟಿತ ಪ್ರತಿಭಟನೆಯಾಯಿತು.

2014ರ ಆಗಸ್ಟ್‌ನಲ್ಲಿ ಮಿಸೌರಿಯ ಫರ್ಗುಸನ್‌ನಲ್ಲಿ 18 ವರ್ಷದ ಮೈಕೆಲ್ ಬ್ರೌನ್ ಪೊಲೀಸ್ ಗುಂಡಿಗೆ ಬಲಿಯಾದಾಗ ಹಾಡುಗಾರ ಸ್ವತಃ ಬೀದಿಗಿಳಿದ. ಸೇಂಟ್ ಲೂಯಿಸ್‌ನ ರ‍್ಯಾಪ್ ಕಲಾವಿದ ಟೆಫ್ ಪೋ ಅಲ್ಲಿನ ಪ್ರತಿಭಟನೆಗಳ ಮುಂಚೂಣಿಯಲ್ಲಿದ್ದ. ವರ್ಷದ ಹಿಂದೆಯಷ್ಟೇ ಹುಟ್ಟಿದ್ದ ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ ಘೋಷಣೆ ಫರ್ಗುಸನ್‌ನಿಂದ ದೇಶದ ಉದ್ದಗಲಕ್ಕೂ ಹರಡಿತು. 2015ರ ಜುಲೈನಲ್ಲಿ ಕ್ಲೀವ್‌ಲ್ಯಾಂಡ್‌ನ ಚಳವಳಿಯ ಸಮಾವೇಶ ಮುಗಿಸಿ ಹೊರಟಿದ್ದ ಹೋರಾಟಗಾರರು ಪೊಲೀಸರು ಹಿಡಿದಿದ್ದ ಬಾಲಕನೊಬ್ಬನನ್ನು ಬಿಡಿಸಿಕೊಂಡು, ರ‍್ಯಾಪ್ ಕಲಾವಿದ ಕೆಂಡ್ರಿಕ್ ಲಮಾರ್‌ನ ‘ಆಲ್‌ರೈಟ್’ ಹಾಡಿನ ಪಲ್ಲವಿಯನ್ನು ಒಕ್ಕೊರಲಿನಿಂದ ಹೇಳಿದರು. ಆಮೇಲಿನ ಮೆರವಣಿಗೆಗಳಲ್ಲಿ ಆ ಪಲ್ಲವಿ ಘೋಷಣೆಯಾಗಿ ಉಳಿಯಿತು. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಪೊಲೀಸ್ ಅಧಿಕಾರಿಯ ಮೊಣಕಾಲಿನ ಕೆಳಗೆ ಸತ್ತ ಜಾರ್ಜ್ ಫ್ಲಾಯ್ಡ್ ಕೂಡ 1990ರ ದಶಕದಲ್ಲಿ ಹ್ಯೂಸ್ಟನ್‌ನ ಡಿಜೆ ಸ್ಕ್ರೂ ಅವರ ಕ್ಯಾಸೆಟ್‌ಗಳಲ್ಲಿ ‘ಬಿಗ್ ಫ್ಲಾಯ್ಡ್’ ಹೆಸರಿನಲ್ಲಿ ರ‍್ಯಾಪ್ ಹಾಡಿದ್ದವನು. ಈ ಬಾರಿ ವಿಡಿಯೊ ಸಾಕ್ಷ್ಯಕ್ಕೆ ನ್ಯಾಯಾಲಯದಲ್ಲಿ ಬೆಲೆ ಸಿಕ್ಕಿತು: 2021ರಲ್ಲಿ ಅಧಿಕಾರಿ ಡೆರೆಕ್ ಶಾವಿನ್‌ಗೆ ಇಪ್ಪತ್ತೆರಡೂವರೆ ವರ್ಷಗಳ ಶಿಕ್ಷೆಯಾಯಿತು.

ಇನ್ನೊಂದು ಬಗೆಯ ಹೋರಾಟ ಈಗಲೂ ನ್ಯಾಯಾಲಯಗಳಲ್ಲೇ ನಡೆದಿದೆ. ರ‍್ಯಾಪ್ ಸಾಲುಗಳನ್ನು ಹಾಡಿದವನ ತಪ್ಪೊಪ್ಪಿಗೆಯೆಂದು ಬಗೆದು ಅವನ ವಿರುದ್ಧವೇ ಸಾಕ್ಷ್ಯವಾಗಿ ಮಂಡಿಸುವ ಪದ್ಧತಿ ಅಮೆರಿಕದಲ್ಲಿ ದಶಕಗಳಿಂದ ಇದೆ. ಕಾದಂಬರಿಕಾರ ಕೊಲೆಯ ಕಥೆ ಬರೆದರೆ ಅದು ಕಲ್ಪನೆ, ಕಪ್ಪು ಯುವಕ ಹಾಡಿದರೆ ಅಪರಾಧದ ಪುರಾವೆ ಎಂಬ ಈ ತಾರತಮ್ಯ ಅನ್ಯಾಯವಾದದ್ದು. 2022ರಲ್ಲಿ ಕ್ಯಾಲಿಫೋರ್ನಿಯಾ ಇದಕ್ಕೆ ಕಡಿವಾಣ ಹಾಕುವ ಕಾನೂನು ತಂದಿತು. ಕಲಾಕೃತಿಯನ್ನು ಸಾಕ್ಷ್ಯವಾಗಿ ಒಪ್ಪುವ ಮುನ್ನ ಅದರಿಂದ ಜನಾಂಗೀಯ ಪೂರ್ವಗ್ರಹ ಹುಟ್ಟಬಹುದೇ ಎಂದು ನ್ಯಾಯಾಧೀಶರು ಪರಿಶೀಲಿಸಬೇಕು. ಆದರೆ 2023ರಲ್ಲೂ ಜಾರ್ಜಿಯಾ ರಾಜ್ಯದ ನ್ಯಾಯಾಲಯವೊಂದು ಯಂಗ್ ಥಗ್ ಎಂಬ ಕಲಾವಿದನ ಮೊಕದ್ದಮೆಯಲ್ಲಿ ಹಾಡಿನ ಸಾಲುಗಳನ್ನು ಷರತ್ತಿನೊಡನೆ ಒಪ್ಪಿಕೊಂಡಿತು. ಪೊಲೀಸ್ ಹಿಂಸೆಗೆ ಸಾಕ್ಷಿ ನುಡಿಯುತ್ತ ಬೆಳೆದ ಕಲೆಗೆ ಕಲೆಯೆಂಬ ಪೂರ್ಣ ಮಾನ್ಯತೆ ಕಾನೂನಿನ ಕಣ್ಣಿನಲ್ಲಿ ಇನ್ನೂ ದೊರೆತಿಲ್ಲ.